ಆರು ಚಾಪೆಯ ಕೋಣೆ

"ಬಗ್ಗು, ಬಗ್ಗು! ತಿರುಗಿದ!"

ತೊಕಿಕೊ ಗೆಳತಿ ಫುಸಾಯೆಯ ತಲೆಯನ್ನು ಒತ್ತಿ ಹಿಡಿದಳು. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಹಿಂದೆ ಅರವತ್ತು ದಾಟಿದ ಇಬ್ಬರು ಹೆಂಗಸರು ಕುಕ್ಕರುಗಾಲಿನಲ್ಲಿ ಕೂತರು. ಆಚೆ ಸಾಲಿನಲ್ಲಿ ಫುಸಾಯೆಯ ಗಂಡ ಮಸಕಾಜು ಇಸ್ತ್ರಿ ಅಂಗಿ ತೊಟ್ಟು ಏಸಿಗಳನ್ನು ನೋಡುತ್ತ ನಿಂತಿದ್ದ. ಪಚಿಂಕೊ ಜೂಜಾಡಿ ಬರ್ತೀನಿ ಎಂದು ಮನೆ ಬಿಟ್ಟ ಆಸಾಮಿ!

ಮನೆಗೆ ಏಸಿ ಬೇಕಿರಲಿಲ್ಲ. ಹೋದ ವರ್ಷವಷ್ಟೇ ಹಾಕಿಸಿದ್ದರು. ಆದರೂ ಅವನ ದಿಂಬಿನ ಕೆಳಗೆ ಏಸಿಗಳ ಬಣ್ಣದ ಪುಸ್ತಿಕೆ ಸಿಕ್ಕಿತ್ತು. ಮಂಗಳವಾರ, ಶುಕ್ರವಾರ ಫುಸಾಯೆ ಹೂ ಜೋಡಿಸುವ ತರಗತಿ ಎಂದು ಹೇಳಿ ಹೊರಡುತ್ತಿದ್ದಳು. ಸರಿಯಾಗಿ ಅವೇ ಮಧ್ಯಾಹ್ನಗಳಲ್ಲಿ ಅವನೂ ಮನೆಯಿಂದ ಮಾಯ. ಪಕ್ಕದ ಮನೆಯವಳು ಹೇಳಿದ್ದಳು, ಸುಳ್ಳಾಗಲಾರದು.

"ಯಾವಳಿಗೋ ಏಸಿ ಕೊಡಿಸ್ತಿದ್ದಾನೆ ಕಣೇ," ಎಂದಳು ಫುಸಾಯೆ, ಪೌಡರ್ ಹಾಕಿದ ಕತ್ತನ್ನು ಪರಪರ ಕೆರೆದುಕೊಳ್ಳುತ್ತ. "ನನಗೆ ಮದುವೆಯಾದ ಹೊಸದರಲ್ಲಿ ಕೊಡಿಸಿದ್ದು ಒಂದು ಬೀಸಣಿಗೆ. ಅದೂ ಬ್ಯಾಂಕಿನವರು ಪುಕ್ಕಟೆ ಕೊಟ್ಟಿದ್ದು."

"ಗಾಳಿ ಬಂತು ತಾನೇ?"

"ನಾನೇ ಬೀಸಿಕೊಂಡ್ರೆ ಬಂತು!"

ಪಕ್ಕದಲ್ಲಿ ಅನ್ನದ ಕುಕ್ಕರ್ ನೋಡುತ್ತಿದ್ದ ಅಪರಿಚಿತ ಹೆಂಗಸು ಕಿಸಕ್ಕನೆ ನಕ್ಕಳು. ಇವರಿಗೆ ಅದರ ಕಡೆ ಗಮನವಿರಲಿಲ್ಲ.

ಅಂಗಡಿಯ ಹುಡುಗಿ ಮಸಕಾಜುವಿನ ಬಳಿ ಬಂದಳು. "ಎಷ್ಟು ಚಾಪೆ ಹಿಡಿಸೋ ಕೋಣೆ ಸರ್?"

"ಆರು."

ಫುಸಾಯೆ ಬೆರಳು ಮಡಚಿ ಎಣಿಸಿದಳು. ಅವರ ಫ್ಲಾಟಿನಲ್ಲಿ ಎಂಟು ಚಾಪೆಯದೊಂದು ಕೋಣೆ, ನಾಲ್ಕೂವರೆಯದೊಂದು. ಆರರದ್ದು ಇಲ್ಲವೇ ಇಲ್ಲ.

"ಈಗಿನ ಫ್ಲಾಟಿನ ಚಾಪೇನಾ, ಹಳೇ ಮನೇದಾ? ನಮ್ಮ ಒಸಾಕಾದ ಹಳೇ ಚಾಪೆ ದೊಡ್ಡದು. ಮೊನ್ನೆ ಒಬ್ರು ಬರೀ ಲೆಕ್ಕ ಹೇಳಿ ತಗೊಂಡ್ಹೋಗಿ, ಕೋಣೆ ತಣ್ಣಗಾಗಲಿಲ್ಲ ಅಂತ ಬಂದು ಕೂಗಾಡಿದ್ರು."

"ಹಳೇದು ಕಣಮ್ಮ. ನಾನೇ ಗೇಣು ಹಾಕಿ ಅಳೆದಿದ್ದೀನಿ."

"ಹಾಗಾದ್ರೆ ಎಂಟು ಚಾಪೆ ಕೋಣೆಯ ಏಸಿನೇ ಬೇಕು."

"ಗೇಣು ಹಾಕಿದಾನಂತೆ!" ಫುಸಾಯೆ ಹಲ್ಲು ಕಚ್ಚಿದಳು. "ಅವಳ ಕೋಣೇಲಿ ಮೊಣಕಾಲೂರಿ! ಮನೇಲಿ ಬಿದ್ದ ಕಾಲುಚೀಲ ಎತ್ತೋಕೆ ಸೊಂಟನೋವು ಈ ಮನುಷ್ಯನಿಗೆ."

"ಕಾಲುಚೀಲ ಅವಳ ಮನೇಲೇ ಬಿಟ್ಟು ಬಂದ್ರೆ ನಿನಗೇ ಕೆಲಸ ಕಮ್ಮಿ ಅಲ್ವೇನೇ?"

"ನೀನು ಯಾರ ಕಡೆ?"

ಆಚೆ ಮಸಕಾಜು ಮಾತು ಮುಂದುವರಿಸಿದ. ಅವನ ದನಿಯಲ್ಲಿ ಒಂದು ಮೆತ್ತನೆಯ ಖುಷಿ. ಆ ದನಿಯನ್ನು ಹೆಂಡತಿ ಕೇಳಿ ಎಷ್ಟು ಕಾಲವಾಗಿತ್ತೋ.

"ಅಲ್ಲಿರೋ ಹಳೇ ಏಸಿ ಗಾಳಿಗಿಂತ ಸದ್ದೇ ಜಾಸ್ತಿ ಮಾಡುತ್ತೆ. ಹೊಸದು ಉಸಿರೂ ಬಿಡಬಾರದು. ಅವಳ ಒಂದು ಮಾತೂ ನನ್ನ ಕಿವಿಯಿಂದ ತಪ್ಪಿಹೋಗಬಾರದು."

ಫುಸಾಯೆ ಕತ್ತು ಉದ್ದ ಮಾಡಿ ನೋಡಿದಳು. ಅವಳು ಮಾತು ಶುರುಮಾಡಿದರೆ ಟಿವಿಯ ಸದ್ದು ಜೋರು ಮಾಡುವ ಗಂಡ ಇವನೇನಾ?

"ಗಾಳಿ ನೇರ ಗಂಟಲಿಗೆ ಹೊಡೀಬಾರದು. ತಿಂಗಳ ಕೊನೇಲಿ ಅವಳಿಗೊಂದು ದೊಡ್ಡ ದಿನ ಇದೆ. ಈ ಸೆಕೆಗೆ ಪಾಪ, ಬೆವರುಸಾಲೆ ಬೇರೆ ಎದ್ದಿದೆ."

"ದೊಡ್ಡ ದಿನ! ಮದುವೆ ಆಗ್ತಿದ್ದಾನೆ!"

ತೊಕಿಕೊ ಅವಳ ತಲೆಯ ಹಿಂಬದಿಗೆ ಫಟ್ಟನೆ ಒಂದು ಬಿಟ್ಟಳು. ಎಂದಿನ ಅಭ್ಯಾಸ. "ನಿನ್ನನ್ನ ಬಿಡದೆ ಹೇಗೇ ಆಗ್ತಾನೆ, ಪೆದ್ದಿ!"

ಕುಕ್ಕರ್ ಹೆಂಗಸು ಈಗ ಹೊಟ್ಟೆ ಹಿಡಿದುಕೊಂಡು ಚಪ್ಪಾಳೆಯನ್ನೇ ತಟ್ಟಿಬಿಟ್ಟಳು.

ಹುಡುಗಿ ಬೆಲೆ ಹೇಳಿದಳು. ಫುಸಾಯೆ ಕಿವಿ ನಿಮಿರಿಸಿದಳು. ಮಸಕಾಜು ಬಲ್ಬು ಕೊಳ್ಳಲೂ ಅರ್ಧ ಗಂಟೆ ಚೌಕಾಸಿ ಮಾಡುವವನು. ಕೊನೆಗೆ ಒಂದು ಬ್ಯಾಟರಿಯನ್ನಾದರೂ ಪುಕ್ಕಟೆ ಕಿತ್ತುಕೊಂಡೇ ಬರುವವನು. ಒಸಾಕಾದವನಾಗಿ ಅಷ್ಟೂ ಮಾಡದಿದ್ದರೆ ಅವನಿಗೆ ನಿದ್ದೆ ಬಾರದು.

"ಆಗಲಿ," ಎಂದ ಮಸಕಾಜು.

ಇಬ್ಬರು ಹೆಂಗಸರೂ ಮುಖ ಮುಖ ನೋಡಿಕೊಂಡರು. ತೊಕಿಕೊ ಪಿಸುಗುಟ್ಟಿದಳು. "ಫುಸಾಯೆ... ಇದು ಪ್ರೀತೀನೇ ಕಣೇ."

"ಅವರು ಪುಣ್ಯವಂತರು ಸರ್," ಎಂದಳು ಹುಡುಗಿ.

"ಪುಣ್ಯ ನಂದು ಕಣಮ್ಮ. ಈ ವಸಂತದಿಂದ ಅವಳು ನನ್ನನ್ನ ನಗಿಸಿದಷ್ಟು ಜನ್ಮದಲ್ಲಿ ಯಾರೂ ನಗಿಸಿಲ್ಲ."

ಅಷ್ಟು ಸಾಕಾಯಿತು. ಬೇರೆ ಏನನ್ನಾದರೂ ನುಂಗಬಹುದಿತ್ತು, ನಗಿಸುತ್ತಾಳಂತೆ ಎನ್ನುವುದನ್ನು ಫುಸಾಯೆಯಿಂದ ನುಂಗಲಾಗಲಿಲ್ಲ. ಮೂವತ್ತೆಂಟು ವರ್ಷದ ಸಂಸಾರ ಕಣ್ಣಿಗೆ ಕಟ್ಟಿತು, ಕಣ್ಣು ತುಂಬಿತು. ಕಸ ಎಳೆಯುವ ಯಂತ್ರದ ಉದ್ದನೆಯ ಕೊಳವೆಯನ್ನು ಕಿತ್ತುಕೊಂಡು ಎದ್ದಳು. ತೊಕಿಕೊ ಅವಳ ಅಂಗಿಯ ಅಂಚು ಹಿಡಿದು ಎಳೆದಳು. ಫುಸಾಯೆ ನಿಲ್ಲಲಿಲ್ಲ. ಏಸಿಗಳ ತಣ್ಣನೆಯ ಗಾಳಿಯಲ್ಲಿ ಧುಮುಗುಡುತ್ತ ನಡೆದು ಗಂಡನ ಬೆನ್ನ ಹಿಂದೆಯೇ ನಿಂತಳು. ಕೊಳವೆ ಮೇಲೆತ್ತಿದಳು.

"ಎಲ್ಲಿಗೆ ಕಳಿಸ್ಲಿ ಸರ್?" ಎಂದಳು ಹುಡುಗಿ, ಬರೆದುಕೊಳ್ಳುತ್ತ.

"ಫುಕುಮೊತೊ ತೋಫು ಅಂಗಡಿ ಮೇಲಿನ ಮಹಡಿ," ಎಂದ ಮಸಕಾಜು, ಹಿಂದೆ ತಿರುಗದೆ. "ಆದ್ರೆ ಮಂಗಳವಾರ, ಶುಕ್ರವಾರ ಬರಬೇಡಿ. ಹೂ ಜೋಡಿಸೋ ತರಗತಿ ಅಂತ ನನಗೆ ಸುಳ್ಳು ಹೇಳಿ ನನ್ನ ಹೆಂಡತಿ ಅಲ್ಲಿ ಗೆಳತಿ ಜೊತೆ ನನ್ನನ್ನೇ ಆಡಿಕೊಳ್ಳೋ ಹಾಸ್ಯದ ಜೋಡಿಯಾಟಾನ ತಿಂಗಳ ಕೊನೇ ಪ್ರದರ್ಶನಕ್ಕೆ ಅಭ್ಯಾಸ ಮಾಡ್ತಾಳೆ. ನಾನು ಕೆಳಗೆ ತೋಫು ತಿಂತಾ ಕೂತು ಕೇಳ್ತೀನಿ. ಅವಳಿಗೆ ಮಾತ್ರ ಗೊತ್ತಾಗಬಾರದು."