ಗಂಟಲು ಕಪ್ಪಾಗದ ಹಕ್ಕಿ

ಹಿತ್ತಲ ಹಲಗೆಯ ಮೇಲಿಟ್ಟ ಬಾಳೆಹಣ್ಣು ಕುಕ್ಕುತ್ತಿದ್ದ ಹಸಿರು ಹಕ್ಕಿ ಕತ್ತೆತ್ತಿ ಸಿಳ್ಳೆ ಹಾಕಿತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಹಲ್ಲಿನ ಸಂದಿಯಿಂದ ಗಾಳಿ ಸೋರಿದಂತೆ 'ಸ್ಸ್'. ಸೊಸೆ ತುಳಿಯುತ್ತಿದ್ದ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

ಅದು ಅವಳ ಗಂಡನ ಸಿಳ್ಳೆ. ಕೆಲಸದಿಂದ ಬಂದವನು, ಅವಳು ಬಂದು ಗೇಟಿನ ಚಿಲಕ ತೆಗೆಯಲೆಂದು ಹಾಕುತ್ತಿದ್ದದ್ದು. ಮುಂದಿನ ಹಲ್ಲು ಮುರಿದ ಮೇಲೆ ಆ 'ಸ್ಸ್' ಸೇರಿಕೊಂಡಿತ್ತು. ಮೂರು ವರ್ಷದ ಹಿಂದೆ ದೋಣಿ ಮಗುಚಿತು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಅವಳನ್ನು ಮದುವೆಯಾಗುತ್ತೇನೆಂದು ಕೇಳಿರುವ ಫೋಟೋ ಸ್ಟುಡಿಯೋ ಮಾಲೀಕರು ಇವತ್ತು ಸಂಜೆ ಬರುತ್ತಾರೆ. ಮದುವೆಗೆ ಒಪ್ಪಿಗೆ ಎಂದು ಅವಳು ಹೇಳಬೇಕು. ಹೇಳು ಎಂದು ಬೆನ್ನು ಬಿದ್ದವರು ಅತ್ತೆಯೇ.

"ಎಲೆಹಕ್ಕಿ. ಹಕ್ಕಿ ಹೆಸರು ಮೊದಲು ಹೇಳಿದ್ದು ನಾನು, ಸೋತ ನೀನೇ ಟೀ ಮಾಡ್ಬೇಕು," ಎಂದರು ಅತ್ತೆ. ಮಗನ ದುರ್ಬೀನು ಹಿಡಿದು ಕಿಟಕಿಯಲ್ಲಿ ಕೂರುವುದು ಅವರ ದಿನಚರಿ.

"ಅದು ಕೂಗಿದ್ದು ಕೇಳಿಸ್ತಾ ಅತ್ತೆ?"

"ಕೇಳಿಸ್ದೆ ಏನು? ಕಿವಿಗೆ ಬಂದಿದ್ದನ್ನೆಲ್ಲ ಕಲಿಯೋ ಹಕ್ಕಿ ಅಂತ ಅವನೇ ಹೇಳ್ತಿದ್ನಲ್ಲ. ಅವನದ್ದನ್ನೇ ಕಲ್ತಿದೆ. ಅದಕ್ಕೆಲ್ಲ ಮನಸ್ಸು ಕೆಡಿಸ್ಕೋಬೇಡ. ಸಂಜೆ ಹೂಂ ಅಂದ್ಬಿಡು."

ಸರಿ ಎನಿಸಿತು. ಆದರೂ ಯಾವುದನ್ನೂ ಎರಡು ಸಲ ನೋಡದೆ ಬಿಡುವವಳಲ್ಲ ಅವಳು. ದುರ್ಬೀನು ಇಸಿದುಕೊಂಡಳು.

"ಇದರ ಗಂಟಲು ಇನ್ನೂ ಕಪ್ಪಾಗಿಲ್ಲ, ಅತ್ತೆ."

"ಹಾಗಾದ್ರೆ ಮರಿ. ಈ ವರ್ಷದ್ದು."

ಹೇಳಿದ ಮಾತು ತಮಗೇ ತಾಗಿದಂತೆ ಅತ್ತೆ ದುರ್ಬೀನಿಗೆ ಕೈ ಚಾಚಿದರು. ದೋಣಿ ಮಗುಚಿದಾಗ ಈ ಹಕ್ಕಿ ಮೊಟ್ಟೆಯೊಳಗೂ ಇರಲಿಲ್ಲ.

"ನೀವೇನಾದ್ರೂ ಯಾವಾಗಾದ್ರೂ ಸಿಳ್ಳೆ..."

"ಈ ಬೊಚ್ಚು ಬಾಯಲ್ಲಾ? ಬಿಸಿ ಟೀ ಊದ್ಕೊಂಡು ಕುಡಿಯೋಕೇ ಬರಲ್ಲ ನಂಗೆ." ನಗಲು ನೋಡಿದರು, ಆಗಲಿಲ್ಲ. "ಅದರ ಅಪ್ಪ ಕಲಿಸಿರತ್ತೆ ಕಣೇ. ಹಕ್ಕಿಗೂ ಅಪ್ಪ ಅಮ್ಮ ಇರಲ್ವಾ? ಹೋಗು, ಟೀ ಇಡು."

ಇರಬಹುದು, ಇರಬಹುದು ಎಂದುಕೊಳ್ಳುತ್ತಾ ಸೊಸೆ ಎದ್ದಳು. ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ, ಗೇಟಿನ ಕಡೆಯಿಂದ ಸಿಳ್ಳೆ ಬಂತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ 'ಸ್ಸ್'.

"ಹಕ್ಕಿ ಹಾರಿ ಆ ಕಡೆ ಹೋಯ್ತಾ ಅತ್ತೆ?"

ಅತ್ತೆ ಕಿಟಕಿಯತ್ತ ಬೆರಳು ತೋರಿಸಿದರು. ಹಕ್ಕಿ ಹಲಗೆಯ ಮೇಲೇ ಇತ್ತು. ಕೊಕ್ಕು ಮುಚ್ಚಿ, ಕತ್ತು ಓರೆ ಮಾಡಿ, ಪಾಠ ಹೇಳಿಸಿಕೊಳ್ಳುವ ಮಗುವಿನ ಹಾಗೆ ಕೇಳಿಸಿಕೊಳ್ಳುತ್ತಿತ್ತು.