ಹಸಿ ಬೇವಿನ ಕೊಂಬೆ

ಒಣಹುಲ್ಲು ಸುಟ್ಟ ವಾಸನೆ ಬಂದರೆ ಈಗಲೂ ಅಕ್ಕನ ಕೈಯಲ್ಲಿದ್ದ ಕೊಳ್ಳಿ ಕಣ್ಣಿಗೆ ಕಟ್ಟುತ್ತದೆ.

ಅಪ್ಪ ಕೂಡ್ಲಿಗಿ ಕಡೆಯ ಕುರುಚಲು ಕಾಡಿನ ಕಾವಲುಗಾರನಾಗಿದ್ದ. ಬೇಸಿಗೆಯ ಕಾಳ್ಗಿಚ್ಚು ಗುಡ್ಡಕ್ಕೆ ಹತ್ತದಿರಲೆಂದು ಚಳಿಗಾಲದಲ್ಲೇ ಅದರ ಸುತ್ತ ಹುಲ್ಲಿನ ಒಂದು ಪಟ್ಟಿ ಸುಟ್ಟುಬಿಡುತ್ತಿದ್ದ. ಗಾಳಿಯಿಲ್ಲದ ಆ ಮಧ್ಯಾಹ್ನ ಕೊಳ್ಳಿಯನ್ನು ಅಕ್ಕನಿಗೆ ಕೊಟ್ಟ. ಪಟ್ಟಿ ದಾಟಿದ ಕಿಡಿಯನ್ನು ಬಡಿದು ಆರಿಸಲು ನನಗೆ ಹಸಿ ಬೇವಿನ ಕೊಂಬೆ.

ಅಕ್ಕ ರಾಣಿಯಂತೆ ಹಚ್ಚುತ್ತ ನಡೆದಳು. ನಾನು ಹೊಟ್ಟೆಕಿಚ್ಚಿಗೆ ಕೊಂಬೆ ಎಸೆದು ಬಂಡೆಯ ಮೇಲೆ ಕೂತೆ. ಬೆಂಕಿ ಪಟ್ಟಿ ದಾಟಿ ಕಾರೆಗಿಡಕ್ಕೆ ಹತ್ತಿತು. ಅಪ್ಪ ಓಡಿಬಂದು ಅದೇ ಕೊಂಬೆಯಿಂದ ಬಡಿದು ಆರಿಸಿದ. ಅವನ ಅಂಗೈ ಬೊಬ್ಬೆ ಎದ್ದಿತ್ತು.

"ನನಗ್ಯಾಕ ಕೊಳ್ಳಿ ಕೊಡ್ಲಿಲ್ಲಪ್ಪ?" ಎಂದು ನಾನು ಅತ್ತುಬಿಟ್ಟೆ.

"ಹಚ್ಚಾದು ಯಾರಿಗಾದ್ರೂ ಬರ್ತೈತವ್ವ. ಆರಿಸಾಕ ನಿನ್ನ ನಂಬಿದ್ದೆ."

ಅಕ್ಕನ ಮುಖ ಸಪ್ಪಗಾಯಿತು. ನಾನು ಎಲೆ ಉದುರಿದ ಕೊಂಬೆಯನ್ನು ಮೆಲ್ಲಗೆ ಎತ್ತಿಕೊಂಡೆ.