ಕಾರಣ ತಿಳಿದಿಲ್ಲ

ಮೊಬೈಲ್ ಪರದೆಯ ಮೇಲೆ ಓಡುತ್ತಿದ್ದ ಹಸಿರು ಚುಕ್ಕಿ ಗಕ್ಕನೆ ನಿಂತಿತು. ಅದರ ಕೆಳಗೆ ಕೆಂಪಕ್ಷರ ಮೂಡಿತು: 'ಬಸ್ಸು ತಡವಾಗಿದೆ. ಕಾರಣ ತಿಳಿದಿಲ್ಲ.' ಮಧುಕುಮಾರ ಪರದೆಯನ್ನು ಅಂಗೈಯಿಂದ ಮರೆಮಾಡಿದ. ಪಕ್ಕದ ಸೀಟಿನಲ್ಲಿದ್ದವರು ಮೈಸೂರಿನ ರಂಗಸ್ವಾಮಿ. ಅವನ ಕಂಪನಿಗೆ ಬಂಡವಾಳ ಹಾಕುವುದೋ ಬೇಡವೋ ಎಂದು ಇವತ್ತೇ ಹೇಳಬೇಕಾದವರು. ಅವರು ಒಲ್ಲೆನೆಂದರೆ, ಹಳ್ಳಿ ಬಸ್ಸು ಎಲ್ಲಿದೆಯೆಂದು ತೋರಿಸುವ ಅವನ 'ಬಂತಾ' ಆಪು ಈ ತಿಂಗಳೇ ಕಣ್ಣು ಮುಚ್ಚುವುದಿತ್ತು.

"ಏನ್ರೀ, ಆಪ್ ಕೈ ಕೊಡ್ತಾ?"

"ಇಲ್ಲ ಸಾರ್, ಆಪ್ ಸರಿಯಾಗೇ ಇದೆ. ಬಸ್ಸೇ ನಿಂತಿದೆ."

ನಂಜನಗೂಡಿಗೆ ಹೊರಟಿದ್ದ ಹುಲ್ಲಹಳ್ಳಿ ಬಸ್ಸು ಸ್ಟಾಪೂ ಇಲ್ಲದ ಕಡೆ, ನಾಲೆಯ ಪಕ್ಕ ನಿಂತಿತ್ತು. ಕಂಡಕ್ಟರ್ ಮಾದೇಶ್ ಬಾಗಿಲಲ್ಲಿ ನೇತಾಡುತ್ತ ಫೋನಿನಲ್ಲಿ ಕೂಗುತ್ತಿದ್ದ. "ಅಕ್ಕೋ, ನಿಂತಿವ್ನಿ ಕಣಕ್ಕೋ! ಓಡ್ಬೇಡ, ಬಿದ್ಗಿದ್ದೀಯ! ಒಲೆ ಆರ್ಸಿದ್ಯಾ? ಇನ್ನೊಂದ್ಸಲ ನೋಡ್ಕಂಡೇ ಬಾ!"

ಯಾರೂ ಗೊಣಗಲಿಲ್ಲ. ಡ್ರೈವರು ಎಂಜಿನ್ ಆರಿಸಿದ. ಅಷ್ಟು ಹೊತ್ತು ಕೇಳದಿದ್ದ ನಾಲೆಯ ನೀರು ಈಗ ಕೇಳತೊಡಗಿತು. ಆ ಮೌನದಲ್ಲಿ ಚಡಪಡಿಸುತ್ತಿದ್ದವನು ತಾನೊಬ್ಬನೇ ಎಂಬುದು ಮಧುವಿಗೆ ತುಸು ತಡವಾಗಿ ಹೊಳೆಯಿತು.

ಸೊಪ್ಪಿನ ಗಂಟು ಹೊತ್ತು ವೆಂಕಟಮ್ಮ ಏದುಸಿರು ಬಿಡುತ್ತ ಹತ್ತಿದಳು. "ನಿನ್ ವೊಟ್ಟೆ ತಣ್ಗಿರ್ಲಿ ಕಣ್ಲಾ ಮಾದೇಶ." ಮಧು ಇದೇ ಸಮಯವೆಂದು ಮೊಬೈಲ್ ಮುಂದೆ ಹಿಡಿದ. "ನೋಡಮ್ಮಾ, ಇದನ್ನ ಹಾಕ್ಕೊಂಡ್ರೆ ಬಸ್ ಎಲ್ಲಿದೆ ಅಂತ ಮನೇಲೇ ಗೊತ್ತಾಗುತ್ತೆ."

"ಅದ್ನ ತಿಳ್ಕಂಡ್ ನಾನೇನ್ ಮಾಡ್ಲಪ್ಪ? ನಾನೆಲ್ಲಿವ್ನಿ ಅಂತ ಬಸ್ಗೆ ಗೊತ್ತಲ್ಲ, ಸಾಕು!"

ಇಡೀ ಬಸ್ಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ರಂಗಸ್ವಾಮಿ. ನಗು ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಊರಿಂದ ನೀವು ದಿನಾ ಈ ಬಸ್ಸಲ್ಲೇ ಬರ್ತೀರಾ?"

ಮಧು ಕಿಟಕಿಯಾಚೆ ನೋಡಿದ. "ಬೈಕ್ ಇದೆ ಸಾರ್."

ನಂಜನಗೂಡಿನಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರೇ ಟೀ ಕೊಡಿಸಿದರು. "ಆಪು ಚೆನ್ನಾಗಿದೆ. ದುಡ್ಡು ಮಾತ್ರ ಹಾಕಲ್ಲ ಕಣ್ರೀ. ನಿಮಗಿಂತ ಮುಂಚೆ ಆ ಮಾದೇಶನೇ ಫೋನಲ್ಲಿ ಈ ಕಂಪನಿ ನಡೆಸ್ತಿದ್ದಾನಲ್ಲ!" ಎಂದು ಬೆನ್ನು ತಟ್ಟಿ, ಹಿಂದೆಯೇ ಬಂದಿದ್ದ ತಮ್ಮ ಕಾರು ಹತ್ತಿ ಹೋದರು.

ಮಧು ಟೀ ಲೋಟ ಹಿಡಿದು ಬೆಂಚಿನ ಮೇಲೆ ಕೂತ. ಅಳು ಬರುತ್ತದೇನೋ ಎಂದು ಕಾದ. ಮಾದೇಶ ಒಲೆ ವಿಚಾರಿಸಿದ್ದು ನೆನಪಾಗಿ ನಗು ಬಂತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬಸ್ಸಿಗೆ ಆಪಿನ ಯಂತ್ರ ಕೂರಿಸಿದ ದಿನ ನಂಬರು ಈಸಿಕೊಂಡಿದ್ದ ಮಾದೇಶ್.

"ಮದಣ್ಣ, ಎಲ್ಲಿದ್ದೀಯ? ವಾಪಸ್ ಓಗೋ ಟೈಮಾಯ್ತು, ನೀನೇ ಕಾಣೆ. ನಮ್ ಬಸ್ಸಲ್ ಬಂದೋನು ನಮ್ ಬಸ್ಸಲ್ಲೇ ಅಲ್ವಾ ಓಗೋದು? ಅರ್ಜೆಂಟಿಲ್ಲ, ಟೀ ಗೀ ಕುಡ್ಕಂಡೇ ಬಾ. ನಿಂತಿವ್ನಿ."

ಮಧು ಎದ್ದ. ಅಭ್ಯಾಸಬಲದಿಂದ ಆಪು ತೆರೆದು ನೋಡಿದ. ಹಸಿರು ಚುಕ್ಕಿ ಬಸ್‌ಸ್ಟ್ಯಾಂಡಿನಲ್ಲಿ ಅಲುಗದೆ ನಿಂತಿತ್ತು. ಅದರ ಕೆಳಗೆ ಕೆಂಪಕ್ಷರ: 'ಬಸ್ಸು ತಡವಾಗಿದೆ. ಕಾರಣ ತಿಳಿದಿಲ್ಲ.'